ಸಭಾಕಂಪನ ಮತ್ತು ಅತಿಭಯ: ತೋರಿಕೆಯ ಲೋಕದಲ್ಲಿ ಚಿಕಿತ್ಸೆ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಸುಮಾರು ಮೂವತ್ತು ವರ್ಷ ವಯಸ್ಸಿನ ಗೃಹಿಣಿಯೊಬ್ಬರನ್ನು ಅವರ ಪತಿ ಕರೆತಂದರು. ಎದೆ ಡವಗುಟ್ಟುವುದು, ಅಂಗೈ ತಣ್ಣಗಾಗಿ ಬೆವರುವುದು, ಗಂಟಲು ಒಣಗಿ ಮಾತೇ ಹೊರಡದಿರುವುದು ಆಕೆಯ ತೊಂದರೆ. ಪರೀಕ್ಷಿಸಿದಾಗ ರಕ್ತದ ಒತ್ತಡ ಸರಿಯಾಗಿತ್ತು. ರಕ್ತಹೀನತೆ ಇರಲಿಲ್ಲ. ಥೈರಾಯ್ಡ್ ಗ್ರಂಥಿಯ ಪರೀಕ್ಷೆಯಲ್ಲಿಯೂ ದೋಷ ಕಾಣಲಿಲ್ಲ. ಯಾವ ಯಾವ ದಿನ ಹೀಗಾಗುತ್ತದೆ ಎಂದು ನಾನು ಆಕೆಯನ್ನು ಕೇಳಿದೆ. ಉತ್ತರ ಕೊಟ್ಟವರು ಪತಿ. “ಪಂಚಾಯ್ತಿ ಮೀಟಿಂಗ್ ಇದ್ದ ದಿನ, ಡಾಕ್ಟ್ರೇ.”

ಆಕೆ ಗ್ರಾಮ ಪಂಚಾಯತಿಯ ಚುನಾಯಿತ ಸದಸ್ಯೆ. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಸುಮಾರು ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವುದನ್ನು ತಾವು ಬಲ್ಲಿರಿ. ಮನೆಯಲ್ಲಿ, ಹೊಲದಲ್ಲಿ, ನೆರೆಹೊರೆಯಲ್ಲಿ ಸಲೀಸಾಗಿ ಮಾತನಾಡುವ ಆಕೆ ಸಭೆಯಲ್ಲಿ ಎದ್ದು ನಿಂತರೆ ಕಲ್ಲಾಗಿಬಿಡುತ್ತಿದ್ದರು. ಆಗ ಹಿಂದಿನ ಬೆಂಚಿನಲ್ಲಿದ್ದ ಪತಿ ಎದ್ದು ಆಕೆಯ ಪರವಾಗಿ ಮಾತನಾಡುತ್ತಿದ್ದರು. “ಪಾಪ, ಹೆದರ್ತಾಳೆ, ನಾನೇ ಹೇಳಿಬಿಡ್ತೀನಿ” ಎಂಬುದು ಅವರ ಸಮಾಧಾನ. ಅವರು ಒಳ್ಳೆಯ ಪತಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪತ್ನಿಯ ಭಯವನ್ನು ತಿಂಗಳಿಂದ ತಿಂಗಳಿಗೆ ಬೆಳೆಸುತ್ತಿದ್ದುದು ಆ ಒಳ್ಳೆಯತನವೇ. ಇದು ಹೇಗೆ ಎಂಬುದನ್ನು ವಿವರಿಸಿದ ಬಳಿಕ, ಇಂತಹ ಭಯಗಳಿಗೆ ಈಚಿನ ದಶಕಗಳಲ್ಲಿ ಬಂದಿರುವ ಒಂದು ಹೊಸ ಬಗೆಯ ಚಿಕಿತ್ಸೆಯನ್ನು ಪರಿಚಯಿಸುತ್ತೇನೆ.

ಭಯ ಯಾವಾಗ ರೋಗವಾಗುತ್ತದೆ?

ಭಯವು ಪ್ರಕೃತಿಯು ಜೀವಿಗಳಿಗೆ ಕೊಟ್ಟಿರುವ ರಕ್ಷಣೆ. ಕತ್ತಲಲ್ಲಿ ಹಾವಿಗೆ ಅಂಜಿ ಟಾರ್ಚು ಹಿಡಿದು ಗದ್ದೆಗೆ ನೀರು ಕಟ್ಟಲು ಹೋಗುವ ರೈತನು ರೋಗಿಯಲ್ಲ, ವಿವೇಕಿ. ಆದರೆ ಮಗುವಿನ ಪಾಠಪುಸ್ತಕದಲ್ಲಿ ಹಾವಿನ ಚಿತ್ರ ಕಂಡೊಡನೆ ಪುಸ್ತಕವನ್ನು ಎಸೆದು ಹೊರಗೋಡುವವರಿದ್ದಾರೆ. ಅಪಾಯವಿಲ್ಲವೆಂದು ತಮಗೇ ಗೊತ್ತಿದ್ದರೂ ತಡೆಯಲಾಗದ, ದಿನನಿತ್ಯದ ಬಾಳಿಗೆ ಅಡ್ಡಿಯಾಗುವ ಇಂತಹ ಭಯಕ್ಕೆ ಅತಿಭಯ ಅಥವಾ ಫೋಬಿಯಾ ಎನ್ನುತ್ತಾರೆ. ಎತ್ತರ, ಮುಚ್ಚಿದ ಕೋಣೆ, ನಾಯಿ, ಜೇಡ, ಗುಡುಗು, ರಕ್ತ, ಸೂಜಿ ಇವುಗಳ ಭಯಗಳು ಸಾಮಾನ್ಯ. ನಾಲ್ಕು ಜನರೆದುರು ಮಾತನಾಡುವ ಭಯವನ್ನು ನಮ್ಮ ಹಿರಿಯರು ಸಭಾಕಂಪನವೆಂದು ಕರೆದರು. ಅಳತೆ ಮೀರದ ಸಭಾಕಂಪನ ಯಾರಿಗೂ ತಪ್ಪಿದ್ದಲ್ಲ. ಅಳತೆ ಮೀರಿದಾಗ ಮಾತ್ರ ಅದಕ್ಕೆ ಚಿಕಿತ್ಸೆ ಬೇಕಾಗುತ್ತದೆ.

ಭಯ ಹುಟ್ಟಿದೊಡನೆ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಮೇಲಕ್ಕೇರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿಯ ಬಾಯಿಂದ ತಪ್ಪಿಸಿಕೊಳ್ಳಲು ಇದು ಒಳ್ಳೆಯ ಏರ್ಪಾಡು. ಕುಡಿಯುವ ನೀರಿನ ಕೊಳವೆಯ ವಿಷಯ ಮಾತನಾಡಲು ನಿಂತವರಿಗೆ ಇದೊಂದು ಪೀಡೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಉಬ್ಬರವು ಹೀಗೆಯೇ ಏರುತ್ತಾ ಹೋಗುವುದಿಲ್ಲ. ಅದೇ ಜಾಗದಲ್ಲಿ ತಾಳಿಕೊಂಡು ನಿಂತರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯತೊಡಗುತ್ತದೆ. ಅತಿಭಯವುಳ್ಳವರು ಆ ಇಳಿತವನ್ನು ಕಂಡೇ ಇರುವುದಿಲ್ಲ. ಏಕೆಂದರೆ ಏರುತ್ತಿರುವಾಗಲೇ ಅವರು ಓಡಿಬಿಡುತ್ತಾರೆ. ಓಡಿದೊಡನೆ ಹಾಯೆನಿಸುತ್ತದೆ. “ಓಡಿಬಂದದ್ದರಿಂದ ಉಳಿದೆ” ಎಂಬ ಸುಳ್ಳು ಪಾಠವನ್ನು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನಷ್ಟು ಬೇಗ ಬರುತ್ತದೆ. ಪತ್ನಿಯ ಬದಲಿಗೆ ಪತಿ ಎದ್ದು ನಿಂತಾಗಲೂ ನಡೆಯುವುದು ಇದೇ. ಆಕೆ ಓಡದೆಯೇ ಓಡಿದಂತಾಗುತ್ತದೆ.

ಹೊಸ ಹೋರಿಯನ್ನು ಪಳಗಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಾರಿಯ ಸದ್ದಿಗೆ ಬೆದರುವ ಹೋರಿಯನ್ನು ಅನುಭವಸ್ಥ ರೈತನು ಬಾರುಕೋಲಿನಿಂದ ಬಡಿಯುವುದಿಲ್ಲ. ಹಾಗೆಂದು ಬೆದರಿದಾಗಲೆಲ್ಲ ಕೊಟ್ಟಿಗೆಗೆ ಹಿಂದಿರುಗಿಸುವುದೂ ಇಲ್ಲ. ಮೊದಲು ರಸ್ತೆಯಿಂದ ದೂರದಲ್ಲಿ ಮೇಯಿಸಿ, ನಾಲ್ಕು ದಿನದ ಬಳಿಕ ಇನ್ನಷ್ಟು ಹತ್ತಿರ ಕಟ್ಟಿ, ಹಣೆ ಸವರುತ್ತಾ ಕೊನೆಗೆ ರಸ್ತೆಯ ಅಂಚಿನಲ್ಲಿಯೇ ನಡೆಸುತ್ತಾನೆ.

ಮೊಲದಿಂದ ಕಂಪ್ಯೂಟರಿನವರೆಗೆ

ಮನೋವಿಜ್ಞಾನಿಗಳು ಕಂಡುಕೊಂಡದ್ದೂ ಇದನ್ನೇ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ, ಮೊಲವನ್ನು ಕಂಡರೆ ಚೀರುತ್ತಿದ್ದ ಸುಮಾರು ಮೂರು ವರ್ಷದ ಬಾಲಕನೊಬ್ಬನಿಗೆ ಚಿಕಿತ್ಸೆ ನೀಡಿದ ವರದಿಯನ್ನು ಪ್ರಕಟಿಸಿದರು. ಮಗು ಇಷ್ಟದ ತಿನಿಸು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡುವುದು, ದಿನದಿಂದ ದಿನಕ್ಕೆ ಹತ್ತಿರ ತರುವುದು, ಇಷ್ಟೇ ಉಪಾಯ. ಕೊನೆಗೆ ಆ ಮಗು ಮೊಲವನ್ನು ಮುಟ್ಟಿ ಆಡಿತು. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮೆಟ್ಟಿಲು ಮೆಟ್ಟಿಲಿನ ಚಿಕಿತ್ಸೆಗೆ ಕ್ರಮಬದ್ಧ ರೂಪ ಕೊಟ್ಟರು. ರೋಗಿಯು ಸ್ನಾಯುಗಳನ್ನು ಸಡಿಲಬಿಟ್ಟು ಮಲಗಿ, ಭಯದ ಸನ್ನಿವೇಶಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ಕಲ್ಪಿಸಿಕೊಳ್ಳುವ ವಿಧಾನ ಅದು.

ಆದರೆ ಎಲ್ಲರ ಕಲ್ಪನೆಯೂ ಒಂದೇ ಬಗೆಯದಲ್ಲ. ಕಣ್ಣು ಮುಚ್ಚಿದರೆ ಕೆಲವರಿಗೆ ಏನೂ ಕಾಣುವುದಿಲ್ಲ. ನಿಜವಾದ ಸನ್ನಿವೇಶಕ್ಕೆ ಕರೆದೊಯ್ಯೋಣವೆಂದರೆ ಅದಕ್ಕೂ ತೊಡಕುಗಳಿವೆ. ವಿಮಾನದ ಭಯವಿರುವವರನ್ನು ಎಷ್ಟು ಸಲ ವಿಮಾನ ಹತ್ತಿಸಲು ಸಾಧ್ಯ? ಸಭಾಕಂಪನದವರಿಗಾಗಿ ವೈದ್ಯರು ವಾರ ವಾರ ನೂರು ಜನರ ಸಭೆಯನ್ನು ಎಲ್ಲಿಂದ ಕೂಡಿಸಬೇಕು? ಈ ಕೊರತೆಯನ್ನು ತುಂಬಲು ಬಂದದ್ದೇ ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರು ನಿರ್ಮಿಸುವ ತೋರಿಕೆಯ ಲೋಕ.

ಹಿಂದೆ ಜಾತ್ರೆಗಳಿಗೆ ಬರುತ್ತಿದ್ದ ಬಯಸ್ಕೋಪ್ ಪೆಟ್ಟಿಗೆಯನ್ನು ತಮ್ಮಲ್ಲಿ ಹಿರಿಯರಾದವರು ನೋಡಿರಬಹುದು. ಕಿಂಡಿಗೆ ಕಣ್ಣಿಟ್ಟರೆ ಹೊರಗಿನ ಗದ್ದಲ ಮರೆಯಾಗಿ ದೂರದ ಊರುಗಳ ಚಿತ್ರ ಕಾಣುತ್ತಿತ್ತು. ಈಗಿನ ಉಪಕರಣವು ಆ ಪೆಟ್ಟಿಗೆಯನ್ನು ತಲೆಗೇ ಕಟ್ಟಿಕೊಂಡಂತೆ. ಅರ್ಧ ಕಿಲೋಗ್ರಾಂ ಆಸುಪಾಸು ತೂಗುವ ಈ ದಪ್ಪ ಕನ್ನಡಕದೊಳಗೆ ಎರಡೂ ಕಣ್ಣುಗಳಿಗೆ ತುಸು ಬೇರೆ ಬೇರೆಯಾದ ಚಿತ್ರಗಳು ಕಾಣುತ್ತವೆ. ನಮ್ಮ ಎರಡು ಕಣ್ಣುಗಳು ಲೋಕವನ್ನು ನೋಡುವುದೂ ಹೀಗೆಯೇ ಆದುದರಿಂದ, ಮಿದುಳು ಆ ಚಿತ್ರಗಳನ್ನು ಕೂಡಿಸಿ ಆಳವುಳ್ಳ ನಿಜವಾದ ಜಾಗವೆಂದು ತಿಳಿಯುತ್ತದೆ. ತಲೆ ಎಡಕ್ಕೆ ತಿರುಗಿದರೆ ಎಡಭಾಗದ ನೋಟ, ಕೆಳಗೆ ಬಾಗಿದರೆ ನೆಲದ ನೋಟ ಕಾಣುವಂತೆ ಸೂಕ್ಷ್ಮ ಯಂತ್ರಗಳು ತಲೆಯ ಚಲನೆಯನ್ನು ಅಳೆಯುತ್ತಿರುತ್ತವೆ. ಕಿವಿಯಲ್ಲಿ ಅದಕ್ಕೆ ತಕ್ಕ ಶಬ್ದವೂ ಕೇಳಿಸುತ್ತದೆ.

“ಸುಳ್ಳು ಚಿತ್ರವೆಂದು ಗೊತ್ತಿದ್ದ ಮೇಲೆ ಭಯವೇಕೆ?” ಎಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಬೆಂಗಳೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಈ ಕನ್ನಡಕವನ್ನು ನನಗೆ ಹಾಕಿ, ಎರಡು ಎತ್ತರದ ಕಟ್ಟಡಗಳ ನಡುವಣ ಹಲಗೆಯ ಮೇಲೆ ನಡೆಯಲು ಹೇಳಿದರು. ಕಾಲಡಿಯಲ್ಲಿ ಸಿಮೆಂಟಿನ ನೆಲವಿದೆ ಎಂದು ಎಂ.ಬಿ.ಬಿ.ಎಸ್. ಓದಿದ ನನ್ನ ಬುದ್ಧಿಗೆ ಚೆನ್ನಾಗಿ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಎರಡನೆಯ ಹೆಜ್ಜೆಗೆ ನಿಂತುಬಿಟ್ಟೆ. ಪಕ್ಕದಲ್ಲಿದ್ದವರು ನಗುತ್ತಾ ನಾಡಿ ಹಿಡಿದರೆ ನಿಮಿಷಕ್ಕೆ 118! ಐದಾರು ನಿಮಿಷ ಅಲ್ಲಿಯೇ ನಿಂತೆ. ನಾಡಿ ಇಳಿಯಿತು, ಮೂರನೆಯ ಹೆಜ್ಜೆ ಬಂದಿತು. ಬಯಲಾಟದಲ್ಲಿ ಪಾತ್ರಧಾರಿ ನಮ್ಮೂರಿನವನೇ ಎಂದು ತಿಳಿದಿದ್ದರೂ ಅವನು ಅತ್ತಾಗ ನಾವು ಅಳುವುದಿಲ್ಲವೇ? ಮಿದುಳಿನಲ್ಲಿ ಭಯ ಹುಟ್ಟಿಸುವ ಭಾಗವು ತರ್ಕಕ್ಕೆ ಕಾಯುವುದಿಲ್ಲ, ನೋಟಕ್ಕೇ ಸ್ಪಂದಿಸುತ್ತದೆ. ಆದುದರಿಂದಲೇ ತೋರಿಕೆಯ ಜಾಗದಲ್ಲಿ ಕಲಿತ ಧೈರ್ಯ ನಿಜವಾದ ಜಾಗದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇದನ್ನು ಮೊದಲಿಗೆ ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಬಾರ್ಬರಾ ರಾಥ್‌ಬಾಮ್, ಲ್ಯಾರಿ ಹಾಜಸ್ ಮತ್ತು ಅವರ ಸಂಗಡಿಗರು ಪ್ರಮುಖರು. ಎತ್ತರಕ್ಕೆ ಅಂಜುತ್ತಿದ್ದ 20 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಅವರು 1995ರಲ್ಲಿ ಪ್ರಕಟಿಸಿದರು. ತೋರಿಕೆಯ ಕಾಲುಸೇತುವೆ, ಬಾಲ್ಕನಿ, ಮೇಲೇರುವ ಗಾಜಿನ ಲಿಫ್ಟು ಇವುಗಳಲ್ಲಿ ವಾರಕ್ಕೊಮ್ಮೆ ನಿಂತು ಅಭ್ಯಾಸ ಮಾಡಿದವರ ಭಯ ಇಳಿಯಿತು. ಚಿಕಿತ್ಸೆಗಾಗಿ ಕಾಯುತ್ತಿದ್ದವರ ಭಯ ಇದ್ದಂತೆಯೇ ಇತ್ತು. ಯಾರೂ ಹೇಳದಿದ್ದರೂ ಚಿಕಿತ್ಸೆ ಪಡೆದವರಲ್ಲಿ ಹಲವರು ತಾವಾಗಿಯೇ ನಿಜವಾದ ಎತ್ತರದ ಜಾಗಗಳಿಗೆ ಹತ್ತಿ ನೋಡಿದರೆಂಬುದು ಆ ವರದಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಚಿಕಿತ್ಸಕನೂ ಕಂಪ್ಯೂಟರಿನ ಸೃಷ್ಟಿಯೇ! ಎತ್ತರದ ಭಯವಿದ್ದ 100 ಜನರಲ್ಲಿ 49 ಮಂದಿ ಸುಮಾರು ಎರಡು ವಾರಗಳ ಅವಧಿಯಲ್ಲಿ ಈ ಚಿಕಿತ್ಸೆ ಪಡೆದರು. ಅವರಿಗೆ ಕೊಟ್ಟ ಕೆಲಸಗಳು ಆಟದಂತಿದ್ದವು. ಎತ್ತರದ ಕಟ್ಟಡದೊಳಗಿನ ಮರದಲ್ಲಿ ಸಿಕ್ಕಿಕೊಂಡ ಬೆಕ್ಕನ್ನು ಬಿಡಿಸಿ ತರುವುದು ಅವುಗಳಲ್ಲೊಂದು. ಸರಾಸರಿ 30 ವರ್ಷಗಳಿಂದ ಬೇರೂರಿದ್ದ ಭಯ ಸರಾಸರಿ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಉಳಿದ 51 ಮಂದಿಗೆ ಬೇರೆ ವಿಶೇಷ ಚಿಕಿತ್ಸೆ ದೊರೆತಿರಲಿಲ್ಲವಾದ್ದರಿಂದ, ಮನುಷ್ಯ ಚಿಕಿತ್ಸಕನಿಗಿಂತ ಯಂತ್ರವೇ ಮೇಲೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂಬುದನ್ನೂ ಹೇಳಬೇಕು.

ತೋರಿಕೆಯ ಸಭೆಯಲ್ಲಿ ಭಾಷಣ

ಸಭಾಕಂಪನಕ್ಕೆ ಈ ವಿಧಾನವನ್ನು ಹೇಗೆ ಬಳಸುತ್ತಾರೆಂಬುದು ಕುತೂಹಲಕರವಾಗಿದೆ. ಕನ್ನಡಕ ಧರಿಸಿದವರಿಗೆ ಮೊದಲು ಖಾಲಿ ಕೊಠಡಿ ಕಾಣುತ್ತದೆ. ಅನಂತರ ಮೇಜಿನ ಸುತ್ತ ನಾಲ್ಕೈದು ಜನ, ಬಳಿಕ ಒಂದು ತರಗತಿಯಷ್ಟು ಜನ, ಕೊನೆಗೆ ತುಂಬಿದ ಸಭಾಂಗಣ. ಪಕ್ಕದಲ್ಲಿ ಕುಳಿತ ಚಿಕಿತ್ಸಕರು ಗುಂಡಿ ಒತ್ತಿ ಆ ಸಭಿಕರನ್ನು ತಲೆದೂಗಿಸಬಲ್ಲರು, ಆಕಳಿಸುವಂತೆ ಮಾಡಬಲ್ಲರು, ಪ್ರಶ್ನೆ ಕೇಳಿಸಬಲ್ಲರು. ರೋಗಿಯು ಮಾತು ನಿಲ್ಲಿಸದೆ ನಿಲ್ಲಬೇಕು. “ನಾನು ತಡವರಿಸಿದರೆ ಎಲ್ಲರೂ ನಗುತ್ತಾರೆ, ನಾನು ಕುಸಿದುಬೀಳುತ್ತೇನೆ” ಎಂದು ಮನಸ್ಸು ಹೇಳುತ್ತಿದ್ದುದು ನಡೆಯುತ್ತದೆಯೋ ಇಲ್ಲವೋ ಎಂದು ಸ್ವತಃ ನೋಡಬೇಕು. ಒಬ್ಬಿಬ್ಬರು ಆಕಳಿಸಬಹುದು; ಅದರಿಂದ ಯಾರೂ ಸಾಯುವುದಿಲ್ಲ!

ಪೇಜ್ ಆಂಡರ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಭಯವಿದ್ದ 97 ಜನರಿದ್ದರು. ಕೆಲವರಿಗೆ ತೋರಿಕೆಯ ಸಭೆಯಲ್ಲಿ ಅಭ್ಯಾಸ, ಕೆಲವರಿಗೆ ನಿಜವಾದ ಜನರ ಸಣ್ಣ ಗುಂಪಿನೆದುರು ಅಭ್ಯಾಸ. ಕಾಯುತ್ತಿದ್ದವರಿಗಿಂತ ಇಬ್ಬಗೆಯವರೂ ಹೆಚ್ಚು ಸುಧಾರಿಸಿದರು. ಎರಡು ಬಗೆಗಳ ನಡುವೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷದ ಬಳಿಕವೂ ಗುಣ ಉಳಿದಿತ್ತು. ನಮ್ಮ ಹಳ್ಳಿಗಳಿಗೆ ಇದು ಬಹು ಮುಖ್ಯವಾದ ಸುದ್ದಿಯೆಂದು ನಾನು ಭಾವಿಸುತ್ತೇನೆ. ಗುಣಪಡಿಸುವುದು ಕನ್ನಡಕವಲ್ಲ. ಭಯವಿರುವಲ್ಲಿಯೇ, ಮೆಟ್ಟಿಲು ಮೆಟ್ಟಿಲಾಗಿ, ಓಡದೆ ನಿಲ್ಲುವ ಅಭ್ಯಾಸ ಗುಣಪಡಿಸುತ್ತದೆ. ಕನ್ನಡಕ ಆ ಅಭ್ಯಾಸವನ್ನು ನಗರದ ಚಿಕಿತ್ಸಾಲಯದ ಕುರ್ಚಿಯಲ್ಲಿಯೇ ಸಾಧ್ಯವಾಗಿಸುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ದೊರೆಯುವುದಿಲ್ಲ. ಆದರೆ ಸಭೆ ಕೂಡಿಸಲು ಬೇಕಾದ ಜನ ನಮ್ಮಲ್ಲಿದ್ದಾರೆ.

ಮನೆಯಲ್ಲಿಯೇ ಮೆಟ್ಟಿಲು

ಮೊದಲು ಹೇಳಿದ ದಂಪತಿಗಳೊಡನೆ ಕುಳಿತು ನಾವು ಮಾಡಿದ್ದು ಇದನ್ನೇ. ಆಕೆಯ ಭಯಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸಿದೆ. ಅಂಕ ಹಾಕಬೇಕಾದವರು ಆಕೆ; ಪತಿ ಬಾಯಿ ಹಾಕಬಾರದು ಎಂಬುದು ನನ್ನ ಮೊದಲ ಕರಾರು. ಎರಡು ಅಂಕದ ಮೆಟ್ಟಿಲು: ಕೊಟ್ಟಿಗೆಯಲ್ಲಿ ಹಾಲು ಕರೆದಾದ ಮೇಲೆ ದಿನಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದುವುದು. ಎಮ್ಮೆಗಳು ಒಳ್ಳೆಯ ಸಭಿಕರು, ನಗುವುದಿಲ್ಲ. ಮೂರು ಅಂಕಕ್ಕೆ ಅದನ್ನೇ ಪತಿಯ ಮುಂದೆ ನಿಂತು ಹೇಳುವುದು. ಅತ್ತೆ, ಮಾವ, ಮೈದುನ ಕುಳಿತಿರುವಾಗ ಮಾತನಾಡುವುದಕ್ಕೆ ಆಕೆ ಆರು ಅಂಕ ಹಾಕಿದಾಗ ಪತಿ ಆಶ್ಚರ್ಯಪಟ್ಟರು. ಆ ಮನೆಯಲ್ಲಿ ಹತ್ತು ವರ್ಷ ಬಾಳಿದ ಹೆಂಡತಿಗೆ ಅದು ಕಷ್ಟವೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಏಳಕ್ಕೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಲೆಕ್ಕ ಓದುವುದು. ಒಂಬತ್ತಕ್ಕೆ ಪಂಚಾಯತಿ ಸಭೆಯಲ್ಲಿ ಒಂದು ಪ್ರಶ್ನೆ. ಹತ್ತಕ್ಕೆ ಗ್ರಾಮಸಭೆ.

ಒಂದು ಮೆಟ್ಟಿಲಿನ ಭಯ ಮೊದಲಿದ್ದುದರ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲನ್ನು ದಿನವೂ ಅಭ್ಯಾಸ ಮಾಡಬೇಕು. ಅವಸರ ಬೇಡ, ಆದರೆ ನಡುವೆ ಬಿಡಲೂಬಾರದು. ಅಭ್ಯಾಸದ ಹೊತ್ತಿನಲ್ಲಿ ನೆಲ ನೋಡಿಕೊಂಡು ಮಾತನಾಡುವುದು, ಸೆರಗಿನ ತುದಿ ತಿರುಚುತ್ತಿರುವುದು, ಒಂದೇ ಉಸಿರಿಗೆ ಮುಗಿಸಿಬಿಡುವುದು ಇವೆಲ್ಲವೂ ಓಡಿಹೋಗುವ ಚಿಕ್ಕ ಚಿಕ್ಕ ದಾರಿಗಳೇ. ಒಂದೊಂದಾಗಿ ಅವನ್ನು ಬಿಡಬೇಕು.

ಪತಿಗೆ ನಾನು ಹೇಳಿದ್ದು ಇನ್ನೂ ಕಠಿಣವಾಗಿತ್ತು. ಹಾಸ್ಯ ಮಾಡಬಾರದು, ಬಲವಂತ ಮಾಡಬಾರದು, ಎಲ್ಲಕ್ಕಿಂತ ಮಿಗಿಲಾಗಿ ಆಕೆಯ ಪರವಾಗಿ ಮಾತನಾಡಬಾರದು. ಆಕೆ ತಡವರಿಸಿ ನಿಂತಾಗ ಸುಮ್ಮನೆ ಕುಳಿತಿರುವುದು ಅವರಿಗೆ ಬಹಳ ಸಂಕಟವಾಯಿತೆಂದು ಅವರೇ ಹೇಳಿದರು. ಸುಮಾರು ನಾಲ್ಕು ತಿಂಗಳ ಬಳಿಕ ಗ್ರಾಮಸಭೆಯಲ್ಲಿ ಆಕೆ ಎದ್ದು ನಿಂತು ತಮ್ಮ ಕೇರಿಯ ಕುಡಿಯುವ ನೀರಿನ ಕೊಳವೆಯ ಬಗ್ಗೆ ಮಾತನಾಡಿದರು. ಆರೋಗ್ಯ ಇಲಾಖೆಯ ಪರವಾಗಿ ನಾನೂ ಅಲ್ಲಿದ್ದೆ. ಹಾಳೆ ಹಿಡಿದ ಕೈ ನಡುಗುತ್ತಿತ್ತು. ಎರಡನೆಯ ವಾಕ್ಯದ ನಂತರ ದೀರ್ಘ ಮೌನ. ಪತಿ ಬೆಂಚನ್ನು ಬಿಗಿಯಾಗಿ ಹಿಡಿದು ಕುಳಿತೇ ಇದ್ದರು. ಮೂರನೆಯ ವಾಕ್ಯ ಬಂದಿತು.

ಸೂಜಿಯ ಭಯಕ್ಕೆ ಬೇರೆ ಉಪಾಯ

ರಕ್ತ ಮತ್ತು ಸೂಜಿಯ ಭಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕುಟುಂಬ ಕಲ್ಯಾಣಕ್ಕೂ ಇದಕ್ಕೂ ನೇರ ಸಂಬಂಧವಿದೆ. ಸೂಜಿಗೆ ಅಂಜಿ ರಕ್ತಪರೀಕ್ಷೆಗೆ ಬಾರದ, ಟಿ.ಡಿ. ಚುಚ್ಚುಮದ್ದು ತಪ್ಪಿಸಿಕೊಳ್ಳುವ ಗರ್ಭಿಣಿಯರನ್ನು ನಾವು ಕಾಣುತ್ತಿರುತ್ತೇವೆ. ರಕ್ತಹೀನತೆ ಇರುವುದು ತಿಳಿಯದೆಯೇ ಹೆರಿಗೆಯ ದಿನ ಬಂದುಬಿಟ್ಟರೆ ಅದು ತಾಯಿಯ ಪ್ರಾಣಕ್ಕೆ ಅಪಾಯ. ಗಂಡಸರಿಗೆ ಈ ಭಯವಿಲ್ಲವೆಂದು ತಿಳಿಯಬೇಡಿ. ಪತ್ನಿಗೆ ಧೈರ್ಯ ಹೇಳಲು ಬಂದು, ಆಕೆಯ ರಕ್ತ ತೆಗೆಯುವುದನ್ನು ನೋಡಿ ತಾವೇ ನೆಲಕ್ಕುರುಳಿದ ಮೀಸೆಯ ಗಂಡಂದಿರನ್ನು ನಮ್ಮ ದಾದಿಯರು ಎತ್ತಿ ಮಲಗಿಸಿದ್ದಾರೆ. ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆ ಸರಳವಾದುದೆಂದು ಒಪ್ಪಿದ ಮೇಲೂ ಕೆಲವರು ಹಿಂಜರಿಯುವುದರ ಹಿಂದೆ ಈ ಭಯವೂ ಇರುತ್ತದೆ, ನಾಚಿಕೆಯಿಂದ ಹೇಳುವುದಿಲ್ಲ ಅಷ್ಟೆ.

ಬೇರೆ ಭಯಗಳಲ್ಲಿ ರಕ್ತದ ಒತ್ತಡ ಏರುತ್ತದೆ. ಇದರಲ್ಲಿ ಮೊದಲು ಏರಿ ಅನಂತರ ಥಟ್ಟನೆ ಇಳಿಯುತ್ತದೆ, ಆದ್ದರಿಂದ ಎಚ್ಚರ ತಪ್ಪುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಇದಕ್ಕೊಂದು ಸುಲಭ ಉಪಾಯವನ್ನು ರೂಪಿಸಿದರು. ಕೈಕಾಲುಗಳ ಸ್ನಾಯುಗಳನ್ನು ಮುಷ್ಟಿ ಕಟ್ಟಿ ಬಿಗಿಹಿಡಿದು, ಮುಖ ಬಿಸಿಯಾಗುವವರೆಗೆ, ಅಂದರೆ 10ರಿಂದ 15 ಸೆಕೆಂಡು ತಡೆದು, ಬಳಿಕ ಸಡಿಲಿಸಿ ಅರ್ಧ ನಿಮಿಷ ಬಿಡಬೇಕು. ಹೀಗೆ ಐದು ಸಲ. ಇದರಿಂದ ರಕ್ತದ ಒತ್ತಡ ಇಳಿಯುವುದು ತಪ್ಪುತ್ತದೆ. ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿ, ಅನಂತರ ಸೂಜಿಯ ಚಿತ್ರ, ಆಮೇಲೆ ಸೂಜಿ, ಕೊನೆಗೆ ಚುಚ್ಚುಮದ್ದು ಎಂದು ಮುಂದುವರಿಯಬಹುದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಇದನ್ನು ಮಾಡತಕ್ಕದ್ದು, ಹೊಟ್ಟೆಯನ್ನು ಬಿಗಿಹಿಡಿಯಬಾರದು. ಸೂಜಿಯ ಭಯವಿದ್ದರೆ ಮೊದಲೇ ದಾದಿಗೆ ಹೇಳಿ. ನಿಮ್ಮನ್ನು ಎಡಮಗ್ಗುಲಾಗಿ ಮಲಗಿಸಿಯೇ ಚುಚ್ಚುಮದ್ದು ಕೊಡುವರು, ಯಾರೂ ನಗುವುದಿಲ್ಲ.

ಕೆಲವು ಎಚ್ಚರಿಕೆಗಳು

“ಸ್ವಲ್ಪ ಹಾಕಿಕೊಂಡರೆ ಮಾತು ಸರಾಗ” ಎಂದು ಸಭೆಗೆ ಮುನ್ನ ಕುಡಿಯುವ ಗಂಡಸರಿದ್ದಾರೆ. ಮದ್ಯ ಭಯವನ್ನು ಕೆಲವು ಗಂಟೆ ಮುಚ್ಚಿಡುತ್ತದೆಯೇ ಹೊರತು ಕಳೆಯುವುದಿಲ್ಲ. ಭಯ ಮತ್ತು ಚಟ ಎರಡೂ ಉಳಿಯುತ್ತವೆ. ಔಷಧಿ ಅಂಗಡಿಯಿಂದ ತಾವಾಗಿಯೇ ನಿದ್ರೆಯ ಮಾತ್ರೆ, ಎದೆಬಡಿತದ ಮಾತ್ರೆ ಕೊಂಡು ನುಂಗುವುದೂ ತಪ್ಪು. ಮೊದಲನೆಯದು ಚಟವಾಗಬಹುದು, ಎರಡನೆಯ ಬಗೆಯ ಕೆಲವು ಮಾತ್ರೆಗಳು ಉಬ್ಬಸ ಇರುವವರ ಉಸಿರು ಕಟ್ಟಿಸಬಲ್ಲವು. ಎದೆಬಡಿತ, ನಡುಕ, ಆಯಾಸ ಕಂಡವರೆಲ್ಲರಿಗೂ ಭಯದ ರೋಗವೆಂದು ತಿಳಿಯಲೂಬಾರದು. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳಲ್ಲಿಯೂ ಹೀಗಾಗುತ್ತದೆಯಾದ್ದರಿಂದ ಮೊದಲು ಪರೀಕ್ಷೆ ಅಗತ್ಯ. ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪಿನಿಂದ ಹೊಡೆಸುವುದು ಹೆದರಿದವರನ್ನು ಇನ್ನಷ್ಟು ಹೆದರಿಸಿದಂತೆ.

ಮೊಬೈಲ್ ಫೋನನ್ನು ಒಳಗಿಟ್ಟು ನೋಡುವ ಅಗ್ಗದ ರಟ್ಟಿನ ಕನ್ನಡಕಗಳೂ ಪೇಟೆಯಲ್ಲಿವೆ. 2019ರಲ್ಲಿ ನೆದರ್ಲೆಂಡ್ಸ್ ದೇಶದ ಸಂಶೋಧಕರು ಇಂತಹ ರಟ್ಟಿನ ಕನ್ನಡಕದಿಂದಲೂ ಎತ್ತರದ ಭಯ ಇಳಿಯುವುದೆಂದು ತೋರಿಸಿದರು. ಆದರೆ ಅದು ಚಿಕಿತ್ಸೆಗೆಂದೇ ಕ್ರಮವಾಗಿ ರಚಿಸಿದ ಪಾಠವಾಗಿತ್ತು. ಭೂತದ ಆಟಗಳನ್ನು ತೋರಿಸುವ ಕನ್ನಡಕದಿಂದ ಭಯ ಹೋಗುವುದಿಲ್ಲ. ಮೂರ್ಛೆರೋಗವಿರುವವರು, ತಲೆಸುತ್ತಿನ ಬಾಧೆಯುಳ್ಳವರು ಮತ್ತು ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಇಂತಹ ಕನ್ನಡಕವನ್ನು ಧರಿಸಬಾರದು. ಕೆಲವರಿಗೆ ಬಸ್ಸಿನಲ್ಲಿ ಆಗುವಂತೆ ವಾಕರಿಕೆ ಬರುವುದುಂಟು. ಕನ್ನಡಕ ತೆಗೆದು ವಿಶ್ರಮಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮನೆಯ ಅಭ್ಯಾಸದಿಂದ ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ, ಅಥವಾ ಭಯದ ಜೊತೆಗೆ ನಿದ್ರಾಹೀನತೆ, ಬೇಸರ, ಬದುಕು ಬೇಡವೆಂಬ ಯೋಚನೆ ಇದ್ದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋಚಿಕಿತ್ಸೆ ದೊರೆಯುತ್ತದೆ. 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಭಯವಿರುವವರೇ ಕರೆ ಮಾಡುವುದು ಒಳ್ಳೆಯದು. ಪತಿ ಅಥವಾ ಪತ್ನಿ ಪಕ್ಕದಲ್ಲಿ ಕುಳಿತಿದ್ದರೆ ಸಾಕು.